ಹಸಿರು ಬಾಗಿಲಿನ ಹಿತ್ತಲಲ್ಲಿ ಕಾಡವ್ವನ ಒಲೆ

ವರ್ಷದ ಕೊನೆಯ ದಿನದ ಬೆಳಗು. ಬೆಳಗಾವಿಯ ಚಳಿಗೆ ಟಿಳಕವಾಡಿಯ ಓಣಿಯ ನಾಯಿಗಳು ಕೂಡ ಇನ್ನೂ ಮೈ ಬಿಚ್ಚಿಲ್ಲ. ಒಂದು ಹಿತ್ತಲಲ್ಲಿ ಮಾತ್ರ ಆಗಲೇ ಹೊಗೆ ಏಳುತ್ತಿದೆ. ಇಳಕಲ್ ಸೀರೆಯ ಮೇಲೆ ಗಂಡನ ಸ್ವೆಟರ್ ತೊಟ್ಟು, ತಲೆಗೆ ಮಫ್ಲರ್ ಬಿಗಿದುಕೊಂಡ ಹೆಂಗಸೊಬ್ಬರು ಕಟ್ಟಿಗೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದುತ್ತಿದ್ದಾರೆ. ಪಕ್ಕದಲ್ಲಿ ಒಂದು ಚೀಲ ಬಟಾಟೆ, ಒಂದು ಬುಟ್ಟಿ ಗಜ್ಜರಿ, ಈಗಷ್ಟೇ ಅಂಗಡಿಯಿಂದ ಬಂದ ಕುರಿಯ ಮಾಂಸ. ಇಬ್ಬರು ಹಿಡಿದು ಎತ್ತಬೇಕಾದ ಬೋಗುಣಿ ಗೋಡೆಗೆ ಒರಗಿ ತನ್ನ ಸರದಿ ಕಾಯುತ್ತಿದೆ.

ಇವರು ಕಾಡವ್ವ. ಈ ಹಿತ್ತಲು ಯಾವ ಕಟ್ಟಡದ್ದೋ ಅದಕ್ಕೆ ಮುಂದುಗಡೆ ಹಸಿರು ಬಣ್ಣದ ದೊಡ್ಡ ಬಾಗಿಲಿದೆ. ಅದರ ಮೇಲೆ ಇಂಗ್ಲಿಷಿನಲ್ಲಿ ‘ದಿ ಗ್ರೀನ್ ಡೋರ್’ ಎಂದು ಬರೆದಿದೆ. ಆಟೋದವರಿಗೆ ಅದು ‘ಹಸರ ಬಾಗಲ’, ಅಷ್ಟೇ. ಐರ್ಲೆಂಡ್ ಎಂಬ ದೇಶದ ಊರೂರಲ್ಲಿ ಇರುವಂಥ ಪಬ್ಬು ಇದು. ಅಂದರೆ ಊಟ, ಕುಡಿತ, ವಾದ್ಯ ಮೂರೂ ಒಂದೇ ಸೂರಿನಡಿ. ಬೆಳಗಾವಿಯಲ್ಲಿ ವರ್ಷದ ಕೊನೆಗೆ ಗೋವಾಕ್ಕೆ ಓಡುವವರು ಓಡುತ್ತಾರೆ. ಊರಲ್ಲೇ ಉಳಿದು, ಮಕ್ಕಳು ಮರಿ ಅಜ್ಜ ಅಜ್ಜಿಯ ಸಮೇತ ಒಂದು ಮಧ್ಯಾಹ್ನ ಬಿಸಿ ಬಿಸಿ ಉಂಡು ಹಾಡು ಕೇಳೋಣ ಎನ್ನುವವರು ಈ ಬಾಗಿಲು ತಟ್ಟುತ್ತಾರೆ. ಕ್ರಿಸ್‌ಮಸ್ ಹಿಂದಿನ ದಿನದಿಂದ ಹೊಸ ವರ್ಷದವರೆಗೆ ಮಧ್ಯಾಹ್ನದ ಒಂದು ಮೇಜೂ ಖಾಲಿ ಇರುವುದಿಲ್ಲ.

ಬಂದವರು ಮೊದಲು ಕೇಳುವುದು ಇಲ್ಲಿಯ ಮಟನ್ ಸ್ಟ್ಯೂ. ಕುರಿಯ ಮಾಂಸ, ಬಟಾಟೆ, ಉಳ್ಳಾಗಡ್ಡೆ, ಗಜ್ಜರಿ, ಅದರೊಳಗೆ ತೇಲುವ ಪುಟ್ಟ ಪುಟ್ಟ ಜೋಳದ ಕಡುಬು. ಅದನ್ನು ಮಾಡುವ ಕೈ ಯಾವುದು ಎಂದು ಕೇಳುವವರು ಕಡಿಮೆ. ಅದರ ಬಗ್ಗೆ ಕಾಡವ್ವನಿಗೆ ಬೇಸರವೂ ಇಲ್ಲ. ‘ಉಂಡವರು ಅಡಗಿಯವರನ್ನ ಹುಡುಕ್ಕೊಂಡ ಬಂದ್ರ ಏನೋ ತಪ್ಪ ಆಗೇತಿ ಅಂತ ತಿಳಕೋಬೇಕ್ರಿ,’ ಎಂದು ನಗುತ್ತಾರೆ.

ಆದರೆ ಇವತ್ತು ಆ ನಗು ಬಂದಷ್ಟೇ ಬೇಗ ಹೋಗುತ್ತದೆ. ಬಟಾಟೆ ಸುಲಿಯುತ್ತ ಸುಲಿಯುತ್ತ ಹಿತ್ತಲ ಗೇಟಿನ ಕಡೆ ನೋಡುತ್ತಾರೆ. ಇನ್ನೂ ಬೆಳಕೇ ಹರಿದಿಲ್ಲ, ಯಾರೂ ಬರುವ ಹೊತ್ತಲ್ಲ, ಅದು ಅವರಿಗೂ ಗೊತ್ತು. ‘ಇವತ್ತ ಮಧ್ಯಾಹ್ನ ಊಟಕ್ಕ ನಮ್ಮಣ್ಣನ್ನ ಕರದೇವಿ. ಬರ್ತಾನೋ ಇಲ್ಲೋ.’

ಆ ಅಣ್ಣ ಈ ತಂಗಿಯ ಮನೆಯ ನೀರು ಮುಟ್ಟದೆ ವರ್ಷಗಳೇ ಆಗಿವೆ. ಅದಕ್ಕೆ ಕಾರಣ ಈ ಹಸಿರು ಬಾಗಿಲು.

ಕಾಡವ್ವನ ತವರು ಖಾನಾಪುರ ತಾಲೂಕಿನ ಪಾರಿಶ್ವಾಡ. ಕುರಿ ಕಾಯುವ ಮನೆತನ. ಅಪ್ಪ ಹಿಂಡು ಹೊಡೆದುಕೊಂಡು ಊರೂರು ತಿರುಗಿ, ರೈತರ ಹೊಲದಲ್ಲಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಬದಲಾಗಿ ಕಾಳು ತರುತ್ತಿದ್ದರು. ಸಣ್ಣ ಕಾಡವ್ವ ಮತ್ತು ಅಣ್ಣ ಮೈಲಾರಲಿಂಗ ಅಪ್ಪನ ಹಿಂದೆ ಹಟ್ಟಿಯಿಂದ ಹಟ್ಟಿಗೆ ಅಲೆದವರು. ಎಂದಾದರೂ ಒಂದು ದಿನ ಅಪ್ಪ ಬಯಲಲ್ಲಿ ಮೂರು ಕಲ್ಲು ಹೂಡಿ ಮಾಂಸ ಬೇಯಿಸುತ್ತಿದ್ದರು. ಮಸಾಲೆ ಅರೆಯಲು ಅಲ್ಲಿ ಕಲ್ಲೆಲ್ಲಿ, ಕಾಯಿಯೆಲ್ಲಿ? ಯಾವುದೋ ಹೊಲದವರು ಕೊಟ್ಟ ಬಟಾಟೆ, ಉಳ್ಳಾಗಡ್ಡೆ, ಉಪ್ಪು, ನಾಲ್ಕು ಮೆಣಸಿನ ಕಾಳು. ನಿಧಾನ ಉರಿಯಲ್ಲಿ ಅದು ಬೇಯುವಷ್ಟರಲ್ಲಿ ಮಕ್ಕಳಿಬ್ಬರೂ ಹಸಿವಿನಿಂದ ಒಲೆಗೇ ಅಂಟಿಕೊಂಡಿರುತ್ತಿದ್ದರು.

ಆಮೇಲೆ ಅಪ್ಪ ಕುಡಿತಕ್ಕೆ ಬಿದ್ದರು. ಹಿಂಡು ಅರ್ಧಕ್ಕೆ ಇಳಿಯಿತು, ಅಪ್ಪನೂ ಹೋದರು. ಮೀಸೆ ಮೂಡುವ ವಯಸ್ಸಿನ ಮೈಲಾರಲಿಂಗ ಅವತ್ತು ಮನೆದೇವರ ಮುಂದೆ ಭಂಡಾರದ ಅರಿಷಿಣ ಹಿಡಿದು ಆಣೆ ಮಾಡಿದ: ಸೆರೆ ಮಾರುವ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಆ ಮಾತು ಇಂದಿಗೂ ಮುರಿದಿಲ್ಲ. ಅವನೇ ಕುರಿ ಕಾಯ್ದು ಹಿಂಡು ಬೆಳೆಸಿದ, ಅವನೇ ನಿಂತು ತಂಗಿಯ ಮದುವೆ ಮಾಡಿ ದೇಸೂರಿಗೆ ಕಳಿಸಿದ. ‘ಅಪ್ಪನೂ ಅವನ, ಅಣ್ಣನೂ ಅವನ’ ಎನ್ನುವಾಗ ಕಾಡವ್ವ ಕಣ್ಣು ಒರೆಸಿಕೊಳ್ಳುವುದು ಹೊಗೆಗಲ್ಲ.

ಗಂಡ ಯಲ್ಲೇಶ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕೆಲಸಗಾರರು. ಮಾತು ಕಮ್ಮಿ. ದಿನಾ ನಸುಕಿನಲ್ಲಿ ಮೋಟರ್‌ಸೈಕಲ್ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು, ತಮ್ಮ ಕಾರ್ಖಾನೆಯ ಗೇಟು ದಾಟಿ ಟಿಳಕವಾಡಿಗೆ ಬಂದು ಇಳಿಸಿ, ಮತ್ತೆ ಹಿಂದಕ್ಕೆ ಹೋಗಿ ಪಾಳಿಗೆ ನಿಲ್ಲುತ್ತಾರೆ. ಈ ಸ್ವೆಟರ್ ಅವರದೇ. ಹೆಂಡತಿಗೆ ಚಳಿಯಾದೀತೆಂದು ತಾವು ಅಂಗಿಯ ಮೇಲೊಂದು ಅಂಗಿ ತೊಟ್ಟು ಗಾಡಿ ಓಡಿಸುತ್ತಾರೆ. ಅದನ್ನು ಹೇಳಿದರೆ ಕಾಡವ್ವ ನಾಚಿ, ‘ಅವರಿಗೆ ಕುಲಮಿ ಮುಂದ ನಿಂತ ನಿಂತ ಚಳಿನ ಹತ್ತಂಗಿಲ್ರಿ’ ಎಂದು ಮಾತು ತಿರುಗಿಸುತ್ತಾರೆ.

ಮಗಳು ಪ್ರಮಿಳಾಳನ್ನು ಓದಿಸಬೇಕೆಂಬ ಹಟಕ್ಕೆ ಕಾಡವ್ವ ಮೊದಲು ನೆಹರು ನಗರದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದರು. ಮೆಡಿಕಲ್ ಓದುವ ಹುಡುಗರು, ಪೇಷಂಟಿನ ಕಡೆಯವರು ಅಲ್ಲಿ ಉಣ್ಣುತ್ತಿದ್ದರು. ಖಾನಾವಳಿಯ ಅಜ್ಜಿಗೆ ಕೈಲಾಗದೆ ಬಾಗಿಲು ಹಾಕುವ ಹೊತ್ತಿಗೆ, ಅಲ್ಲಿ ದಿನಾ ರೊಟ್ಟಿ ಉಣ್ಣಲು ಬರುತ್ತಿದ್ದ ಒಬ್ಬರು ಕೇಳಿದರು: ‘ಅಕ್ಕಾ, ನಾ ಒಂದ ಹೋಟೆಲ್ ತಗ್ಯಾಕತ್ತೀನಿ. ಬರ್ತೀರೇನ್ರಿ?’

ಅವರೇ ಓಂಕಾರ, ಹಸಿರು ಬಾಗಿಲಿನ ಒಡೆಯ. ರವಿವಾರ ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವ ಲಿಂಗಾಯತ ಮನೆತನದ ಮಗ. ಕೊರಳಲ್ಲಿ ಲಿಂಗ, ಬಾಯಿಗೆ ಮಾಂಸ ಗೊತ್ತಿಲ್ಲ, ಬೀರಿನ ವಾಸನೆ ಬಿಟ್ಟರೆ ರುಚಿ ಗೊತ್ತಿಲ್ಲ. ಇಂಥವರು ಪಬ್ಬು ತೆರೆದಿದ್ದು ಹೇಗೆ ಎಂದು ಬೆಳಗಾವಿಯೇ ಬೆರಗಾಗಿತ್ತು. ಅವರ ತಾಯಿ ಶಿವಲಿಂಗವ್ವ, ‘ಅಲ್ಲೆಪಾ, ಅಷ್ಟ ದೂರ ಹೋಗಿ ಇದನ್ನ ಕಲ್ತ ಬಂದೇನು?’ ಎಂದು ತಲೆಯ ಮೇಲೆ ಕೈ ಹೊತ್ತಿದ್ದರಂತೆ.

ಓಂಕಾರ ಹೋಟೆಲ್ ಕೆಲಸ ಕಲಿಯಲು ಐರ್ಲೆಂಡಿಗೆ ಹೋಗಿ, ಕಡಲ ದಂಡೆಯ ಸಣ್ಣ ಊರಿನ ಪಬ್ಬಿನಲ್ಲಿ ಗ್ಲಾಸು ತೊಳೆದವರು. ಮೊದಲ ವರ್ಷ ಕ್ರಿಸ್‌ಮಸ್ ರಜೆಗೆ ಎಲ್ಲರೂ ತಮ್ಮ ತಮ್ಮ ಮನೆ ಸೇರಿದಾಗ ಇವರೊಬ್ಬರೇ ಉಳಿದರು. ಪಬ್ಬಿನ ಯಜಮಾನಿತಿ ಮುದುಕಿ ಕೈಹಿಡಿದು ಎಳೆದುಕೊಂಡು ಹೋಗಿ ತನ್ನ ಮನೆಯವರ ನಡುವೆ ಕೂರಿಸಿಕೊಂಡಳು. ಮಾಂಸ ತಿನ್ನದ ಹುಡುಗನೆಂದು ಬಟಾಟೆಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿಟ್ಟಿದ್ದಳು. ‘ಅಜ್ಜಾ ಪಿಟೀಲು ಬಾರಸ್ತಿದ್ದ, ಕೂಸು ಟೇಬಲ್ ಮ್ಯಾಲ ಕುಣೀತಿತ್ತು. ಅಂಥಾ ಜಾಗಾ ನಮ್ಮೂರಾಗ ಒಂದ ಇರಲಿ ಅನಿಸ್ತ್ರಿ. ಆ ಅಜ್ಜಿ ಋಣಾ ನಾ ಹೆಂಗ ತೀರಸ್ಲಿ?’ ಎನ್ನುತ್ತಾರೆ ಓಂಕಾರ.

ಕಾಡವ್ವ ಮೊದಲ ದಿನ ಇಲ್ಲಿಗೆ ಬಂದಾಗ ಒಳಗಿನ ಗ್ಲಾಸು, ಬಾಟಲಿ ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದರು. ಅಪ್ಪನ ನೆನಪಾಗಿ ಹಿಂದಕ್ಕೆ ಹೋಗಿಬಿಡಲೇ ಅಂದುಕೊಂಡರು. ಆಗ ಓಂಕಾರ ಸ್ಟ್ಯೂ ಮಾಡುವ ರೀತಿ ಹೇಳತೊಡಗಿದರು. ಮಾಂಸ, ಬಟಾಟೆ, ಉಳ್ಳಾಗಡ್ಡೆ.

‘ಮಸಾಲಿ ಏನ್ರಿ?’

‘ಮಸಾಲಿ ಇಲ್ಲಕ್ಕಾ. ಉಪ್ಪು, ಮೆಣಸು, ಅಷ್ಟ. ಸಣ್ಣ ಉರಿ ಮ್ಯಾಲ ಭಾಳೊತ್ತ ಬೇಯಬೇಕು.’

‘ನಾ ಅದನ್ನ ಇನ್ನೊಮ್ಮೆ ಹೇಳಸ್ಕೊಂಡ್ನಿರಿ,’ ಎಂದು ಕಾಡವ್ವ ನೆನೆಯುತ್ತಾರೆ. ‘ಇದು ನಮ್ಮ ಹಟ್ಟ್ಯಾಗಿನ ಊಟ. ನಮ್ಮಪ್ಪ ಕೆಡೂಕಿಂತ ಮೊದಲ ಹಿಂಗ ಮಾಡ್ತಿದ್ದ. ಸಮುದ್ರದ ಆಚೀ ಕಡೀನೂ ಕುರಿ ಕಾಯೂ ಮಂದಿ ಅದಾರಂತ, ಅವರೂ ಹಿಂಗ ಉಣ್ತಾರಂತ. ಅವತ್ತ ಸೌಟ ಹಿಡದಾಕಿ ಇನ್ನೂ ಬಿಟ್ಟಿಲ್ಲ.’ ಗ್ಯಾಸಿನ ಉರಿ ಅವಸರದ್ದೆಂದು ಹಟ ಹಿಡಿದು ಹಿತ್ತಲಲ್ಲಿ ಕಟ್ಟಿಗೆ ಒಲೆ ಹಾಕಿಸಿಕೊಂಡದ್ದೂ ಅವರೇ. ಮಾಮೂಲಿ ದಿನ ಒಂದು ಬೋಗುಣಿ ಸಾಕು. ಡಿಸೆಂಬರಿನಲ್ಲಿ ಒಂದು ಇಳಿಯುವ ಹೊತ್ತಿಗೆ ಇನ್ನೊಂದು ಏರಬೇಕು.

ಸ್ಟ್ಯೂನಲ್ಲಿ ಜೋಳದ ಕಡುಬು ಬಂದ ಕತೆಯನ್ನು ಇಲ್ಲಿಯವರು ಇಂದಿಗೂ ಹೊಟ್ಟೆ ಹಿಡಿದುಕೊಂಡು ಹೇಳುತ್ತಾರೆ. ಕಾಡವ್ವನ ಮನೆಯ ಪದ್ಧತಿಯಲ್ಲಿ ಅಡಿಗೆಯ ಮೊದಲ ಸೌಟು ದೇವರ ಮೀಸಲು. ಅದನ್ನು ತೆಗೆದಿಟ್ಟು, ಉಣ್ಣುವವರು ಉಂಡಾಗುವ ತನಕ ಅಡಿಗೆ ಮಾಡಿದವಳು ನಾಲಿಗೆಗೆ ಮುಟ್ಟಿಸುವಂತಿಲ್ಲ. ಬಗ್ಗಿ ವಾಸನೆ ನೋಡುತ್ತಾರೆ, ಸೌಟಿನಲ್ಲೆತ್ತಿ ಬಣ್ಣ ನೋಡುತ್ತಾರೆ, ಅಷ್ಟೇ. ಇತ್ತ ಓಂಕಾರ ಮಾಂಸ ಮುಟ್ಟುವವರಲ್ಲ. ಹೀಗಾಗಿ ರುಚಿ ನೋಡುವ ಕೆಲಸ ಇನ್ನೊಬ್ಬ ಅಡಿಗೆಯವನದಾಗಿತ್ತು. ಪಬ್ಬಿನ ಮೊದಲ ಕ್ರಿಸ್‌ಮಸ್ಸಿನ ದಿನವೇ ಅವನು ಜ್ವರ ಬಂದು ಮಲಗಿದ.

ಕಾಡವ್ವ ತಮ್ಮ ಲೆಕ್ಕದಂತೆ ಉಪ್ಪು ಹಾಕಿ ಬಟಾಟೆ ತರಲು ಒಳಗೆ ಹೋದರು. ಓಂಕಾರ ಹಿತ್ತಲಿಗೆ ಬಂದು, ಬೋಗುಣಿ ಕುದಿಯುವುದನ್ನು ಕಂಡು, ಐರ್ಲೆಂಡಿನವರು ಉಪ್ಪು ಕೊನೆಗೆ ಹಾಕುತ್ತಿದ್ದುದು ನೆನಪಾಗಿ ತಾವೂ ಹಾಕಿ ಹೋದರು. ಇಬ್ಬರೂ ಬಾಯಿಗಿಟ್ಟು ನೋಡುವವರಲ್ಲ, ಇಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ. ಒಳಗೆ ಮೇಜೆಲ್ಲ ತುಂಬಿ ಜನ ಚಮಚ ಹಿಡಿದು ಕೂತಿದ್ದರು.

ಮೊದಲ ಬಟ್ಟಲು ತಮ್ಮಣ್ಣನವರ ಮುಂದೆ ಹೋಯಿತು. ತಮ್ಮಣ್ಣ ಸೇನೆಯ ಬ್ಯಾಂಡಿನಲ್ಲಿ, ಕಂಕುಳಲ್ಲಿ ಗಾಳಿಚೀಲ ಒತ್ತಿ ನುಡಿಸುವ ಬ್ಯಾಗ್‌ಪೈಪ್ ಊದಿ ನಿವೃತ್ತರಾದವರು. ಈಗ ರಜೆಯ ದಿನಗಳಲ್ಲಿ ಇಲ್ಲಿ ಊದುತ್ತಾರೆ. ಜೊತೆಗೆ ಕ್ಯಾಂಪಿನ ಕಡೆಯ ನಿವೃತ್ತ ಮಾಸ್ತರರೊಬ್ಬರ ಪಿಟೀಲು. ಊದುವ ಮೊದಲು ಹೊಟ್ಟೆಗಿಷ್ಟು ಬೀಳಲಿ ಎಂದು ತಮ್ಮಣ್ಣ ಒಂದು ಚಮಚ ಬಾಯಿಗಿಟ್ಟರು. ಮೀಸೆ ನೆಟ್ಟಗಾಯಿತು. ಎದ್ದು ನೇರ ಹಿತ್ತಲಿಗೆ ಬಂದು ಮೆಲ್ಲಗೆ ಹೇಳಿದರು: ‘ಕಾಡವ್ವಾರ, ನಾ ಗೋವಾದ ಸಮುದ್ರದಾಗ ಮುಳಗಿ ಎದ್ದಾಂವ. ಇಷ್ಟ ಉಪ್ಪ ಅಲ್ಲೂ ಇರಲಿಲ್ರಿ.’

ಕಾಡವ್ವ ಒಲೆಯ ಮುಂದೆ ಕೂತರು. ಕೆಲಸ ಹೋಯಿತು, ಮಗಳ ಸಾಲೆ ಹೋಯಿತು ಎಂದುಕೊಂಡರು. ಕೂತಲ್ಲೇ ಕಣ್ಣಿಗೆ ಬಿದ್ದದ್ದು ತಮಗೆಂದು ತಂದಿಟ್ಟುಕೊಂಡ ಜೋಳದ ಹಿಟ್ಟಿನ ಡಬ್ಬಿ. ಎದ್ದವರೇ ಬಿಸಿನೀರು ಹುಯ್ದು, ಉಪ್ಪಿಲ್ಲದೆ ಹಿಟ್ಟು ನಾದಿ, ಬೆರಳಲ್ಲಿ ಒತ್ತಿ ಒತ್ತಿ ಪುಟ್ಟ ಕಡುಬು ಮಾಡಿ ಬೋಗುಣಿಗೆ ಬಿಡತೊಡಗಿದರು. ಓಂಕಾರ ಪಕ್ಕಕ್ಕೆ ಕೂತು ಬಟಾಟೆ ಸುಲಿದು ಸುಲಿದು ಹಾಕಿದರು. ಒಳಗೆ ತಮ್ಮಣ್ಣ ತಮಗೆ ಬರುವ ಧಾಟಿಯನ್ನೆಲ್ಲ ಊದಿದರು, ಬರದೇ ಇರುವುದನ್ನೂ ಊದಿದರು. ಜನ ಹಸಿವು ಮರೆತು ಚಪ್ಪಾಳೆ ತಟ್ಟಿದರು. ಕಡುಬು ಬೆಂದು, ಬಟಾಟೆ ಉಪ್ಪು ಹೀರಿ, ತಿಳಿನೀರು ಕೂಡಿ ಸ್ಟ್ಯೂ ದಾರಿಗೆ ಬರುವ ಹೊತ್ತಿಗೆ ಎರಡು ದಾಟಿತ್ತು. ಅವತ್ತು ಉಂಡವರು ಮಾರನೆಯ ದಿನ ಮತ್ತೆ ಬಂದು, ‘ನಿನ್ನೆ ಕಡಬ ಹಾಕಿದ್ರೆಲ್ಲಾ, ಅದ ಬೇಕ್ರಿ’ ಅಂದರು. ಅಂದಿನಿಂದ ಅದೇ ನಿಂತಿತು. ತಮ್ಮಣ್ಣನವರಿಗೆ ಮೊದಲ ಬಟ್ಟಲಿನ ಹಕ್ಕೂ ಅಂದಿನಿಂದ ಕಾಯಂ. ಅವರು ತಲೆ ಆಡಿಸಿದ ಮೇಲೆಯೇ ಉಳಿದವರಿಗೆ ಬಡಿಸುವುದು.

ಆ ಸಂಜೆ ಕಾಡವ್ವ ಚೀಲ ಹಿಡಿದು, ‘ನಾಳಿಂದ ಬರಬ್ಯಾಡ ಅಂದ್ರ ಹೇಳಿಬಿಡ್ರಿ’ ಎಂದಾಗ ಓಂಕಾರ ಅಂದ ಮಾತನ್ನು ಅವರು ಇವತ್ತಿಗೂ ಮರೆತಿಲ್ಲ. ‘ಅರ್ಧಾ ಉಪ್ಪ ನಂದೈತಿ ಅಕ್ಕಾ. ನಿಮ್ಮನ್ನ ಕಳಿಸಿದ್ರ ನಾನೂ ಹೋಗಬೇಕಾಗ್ತೈತಿ.’

‘ಹಂಗ ಅನ್ನೂ ಮಾಲಕರು ಎಷ್ಟ ಮಂದಿಗೆ ಸಿಗ್ತಾರ್ರಿ?’ ಕಾಡವ್ವ ಕೈಯಲ್ಲಿದ್ದ ಬಟಾಟೆ ಬದಿಗಿಟ್ಟು ಕೇಳುತ್ತಾರೆ. ‘ದೇವ್ರು ನನಗ ಒಬ್ಬ ಅಣ್ಣನ್ನ ದೂರ ಮಾಡಿ, ಇಲ್ಲಿ ತಮ್ಮನ್ನ ಕೊಟ್ಟ.’

ಅಣ್ಣ ದೂರವಾಗಿದ್ದು ಹೀಗೆ. ತವರಿನವರಿಗೆ ಕಾಡವ್ವ ತಾವು ಇನ್ನೂ ಖಾನಾವಳಿಯಲ್ಲೇ ಇರುವುದಾಗಿ ಹೇಳಿದ್ದರು. ಅಣ್ಣನ ಆಣೆ ಗೊತ್ತಿದ್ದ ಅವರಿಗೆ ನಿಜ ಹೇಳುವ ಧೈರ್ಯವಾಗಲಿಲ್ಲ. ಒಮ್ಮೆ ಪಾರಿಶ್ವಾಡದ ಬಾಳೇಶ ಎಂಬವನು ಟೆಂಪೋದಲ್ಲಿ ಬಟಾಟೆ ಹೇರಿಕೊಂಡು ಇದೇ ಹಿತ್ತಲಿಗೆ ಬಂದ. ‘ಅರೆ, ಕಾಡಕ್ಕಾ, ನೀ ಬಾರಿನ್ಯಾಗ ಅದೀಯಾ?’ ಅಂದ. ಅವನಲ್ಲಿ ಕೆಟ್ಟತನವೇನೂ ಇರಲಿಲ್ಲ. ಊರಿಗೆ ಹೋಗಿ ಕಂಡದ್ದು ಹೇಳಿದ, ಅಷ್ಟೇ.

ಮರುದಿನ ಮೈಲಾರಲಿಂಗ ದೇಸೂರಿಗೆ ಬಂದ. ಅಂಗಳದಲ್ಲೇ ನಿಂತು ಕೇಳಿದ: ‘ಖರೇ ಐತೇನ?’ ‘ಖರೇ ಐತಿ ಯಣ್ಣಾ’ ಎಂದು ಕಾಡವ್ವ ನೀರಿನ ತಂಬಿಗೆ ಮುಂದೆ ಹಿಡಿದರು. ಅಣ್ಣ ತಂಬಿಗೆ ಮುಟ್ಟಲಿಲ್ಲ. ‘ಅಪ್ಪನ್ನ ತಿಂದಿದ್ದನ್ನ ನೀ ಮಂದಿಗೆ ಕೊಡಾಕತ್ತೀ?’ ಎಂದವನು ಹೊರಳಿ ನೋಡದೆ ಹೋದ. ಆಮೇಲೆ ನಾಗರ ಪಂಚಮಿಗೆ ಕರೆಯಲು ಬರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಅಣ್ಣ ತಮ್ಮಂದಿರ ಹಿಂದೆ ತವರಿಗೆ ಹೊರಟಾಗ ಕಾಡವ್ವ ಬಾಗಿಲು ಮುಂದೆ ಮಾಡಿಕೊಂಡು, ಯಾರಿಗೂ ಕಾಣದಂತೆ ಕೆಲಸಕ್ಕೆ ಬಂದುಬಿಡುತ್ತಿದ್ದರು. ‘ನಾ ಕೊಡೂದು ಊಟಾರಿ, ಸೆರೆ ಅಲ್ಲ. ಖರೇ, ಆದ್ರ ಅವನ ಮಾತೂ ಸುಳ್ಳಲ್ಲ. ಒಳಗ ಗ್ಲಾಸ ಐತಿ. ಅವನ ಮ್ಯಾಲ ನಾ ಹೆಂಗ ಸಿಟ್ಟಾಗ್ಲಿ?’

ಪ್ರಮಿಳಾ ಈಗ ನೆಹರು ನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಕೆಲಸ ಸಿಕ್ಕ ಮೊದಲ ವರ್ಷದ ಕೊನೆಗೆ ಮನೆಯವರನ್ನೆಲ್ಲ ಎಲ್ಲಿಗಾದರೂ ಊಟಕ್ಕೆ ಕರೆದೊಯ್ಯಬೇಕೆಂದು ಅವಳ ಆಸೆ. ಎಲ್ಲಿಗೆ ಎಂಬುದೇ ದೊಡ್ಡ ಪಂಚಾಯ್ತಿ ಆಯಿತು. ಅಪ್ಪ ಖಾನಾಪುರ ರಸ್ತೆಯ ಮಾಂಸದೂಟದ ಸಾವಜಿ ಹೋಟೆಲ್ ಅಂದರು. ಗೆಳತಿಯರು ಗೋವಾ ಅಂದರು. ಪ್ರಮಿಳಾ ಹಸಿರು ಬಾಗಿಲು ಅಂದಳು.

‘ಬ್ಯಾಡವ್ವಾ,’ ಎಂದು ಕಾಡವ್ವ ಕೈ ಮುಗಿದರು. ‘ಮಾಮಾ ಬರಂಗಿಲ್ಲ. ಕರದು, ಅವ ಒಲ್ಲೆ ಅಂದು, ಇನ್ನೊಮ್ಮೆ ಆ ಸಂಕಟಾ ಯಾಕ?’

ಪ್ರಮಿಳಾ ಕೇಳಲಿಲ್ಲ. ‘ನಮ್ಮ ಡಾಕ್ಟರು, ಸಿಸ್ಟರು ಎಲ್ಲಾರೂ ರಜಾ ಬಂದ್ರ ಅವ್ವನ ಕೈಯಾಗಿನ ಊಟಾ ಹುಡುಕ್ಕೊಂಡ ಹೋಗ್ತಾರ. ಮನಿಯವರು ನಾವಷ್ಟ ಅಲ್ಲಿ ಕುಂತು ಉಂಡಿಲ್ಲ. ಹಬ್ಬ ಹುಣ್ಣಿವಿಗೆ ಅವ್ವ ಮಂದಿಗೆ ಬಡಿಸೂದಾತು. ಈ ಸಲ ನಮಗ ಬಡಿಸ್ಲಿ,’ ಎಂದು ಬಸ್ಸು ಹತ್ತಿ ಖಾನಾಪುರ, ಅಲ್ಲಿಂದ ಪಾರಿಶ್ವಾಡಕ್ಕೆ ಹೋಗಿ ಸೋದರಮಾವನ ಎದುರು ಕೂತಳು. ಭಾನುವಾರ ಮೈಲಾರ ದೇವರ ವಾರವೆಂದು ಮಾಮ ಮಾಂಸ ತಿನ್ನುವುದಿಲ್ಲ, ಅದಕ್ಕೇ ಬುಧವಾರ ಗೊತ್ತು ಮಾಡಿದಳು. ಮಾಮ ಎಲ್ಲ ಕೇಳಿಸಿಕೊಂಡು ‘ನೋಡೂಣು’ ಎಂದನಂತೆ. ಆ ಒಂದು ಮಾತನ್ನೇ ಹಿಡಿದುಕೊಂಡು ಕಾಡವ್ವ ಈ ಬುಧವಾರದ ಬೆಳಗನ್ನು ಕಾದಿದ್ದಾರೆ.

ಹನ್ನೆರಡರ ಸುಮಾರಿಗೆ ಒಳಗೆ ಪಿಟೀಲು ಶುರುವಾಗುತ್ತದೆ. ಮೇಜುಗಳು ತುಂಬುತ್ತವೆ. ಕಿಟಕಿಯ ಪಕ್ಕದ ಮೇಜಿನಲ್ಲಿ ಪಾಳಿಗೆ ರಜೆ ಹಾಕಿ ಬಂದ ಯಲ್ಲೇಶ ಇಸ್ತ್ರಿ ಅಂಗಿ ತೊಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾರೆ. ಎದುರು ಪ್ರಮಿಳಾ. ಅವರ ಪಕ್ಕದ ಎರಡು ಕುರ್ಚಿ ಖಾಲಿ. ಅಡಿಗೆಮನೆಯ ಸಣ್ಣ ಕಿಂಡಿಯಿಂದ ಕಾಡವ್ವ ಆ ಕುರ್ಚಿಗಳನ್ನು ನೋಡುತ್ತಾರೆ, ಬಡಿಸುತ್ತಾರೆ, ಮತ್ತೆ ನೋಡುತ್ತಾರೆ. ತಮ್ಮಣ್ಣ ಮೊದಲ ಬಟ್ಟಲು ಮುಗಿಸಿ ತಲೆಯಾಡಿಸಿದ್ದಾಯಿತು. ಒಂದು ಬೋಗುಣಿ ಇಳಿದಿದ್ದೂ ಆಯಿತು. ಹಸಿರು ಬಾಗಿಲು ತೆರೆದಾಗಲೆಲ್ಲ ಕಿಂಡಿಯಲ್ಲಿ ಅವರ ಮುಖ ಕಾಣುತ್ತದೆ, ಬಂದವರು ಬೇರೆ ಯಾರೋ ಆಗಿರುತ್ತಾರೆ.

ಒಂದೂವರೆ ದಾಟುತ್ತದೆ. ಓಂಕಾರ ಬಂದು ಮೆತ್ತಗೆ, ‘ಅಕ್ಕಾ, ನಿಮ್ಮ ಮನಿಯವರಿಗೆ ಬಡಸೂಣೇನ್ರಿ?’ ಎನ್ನುತ್ತಾರೆ. ಕಾಡವ್ವ ‘ಬಡಸ್ರಿ, ಹುಡಿಗಿ ರಾತ್ರಿ ಪಾಳಿ ಮುಗಿಸಿ ಬಂದೈತಿ, ಹಸದಿರತೈತಿ’ ಎಂದು ಎರಡನೆಯ ಬೋಗುಣಿ ನೋಡಲು ಹಿತ್ತಲಿಗೆ ಹೋಗುತ್ತಾರೆ.

ಹಿತ್ತಲ ಗೇಟಿನ ಆಚೆ ಇಬ್ಬರು ನಿಂತಿದ್ದಾರೆ. ಹೆಗಲ ಮೇಲೆ ಕರಿ ಕಂಬಳಿ ಹೊದ್ದ ಗಂಡಸು, ಪಕ್ಕದಲ್ಲಿ ಕೈಚೀಲ ಹಿಡಿದ ಹೆಂಗಸು. ಎಷ್ಟು ಹೊತ್ತಿನಿಂದ ನಿಂತಿದ್ದಾರೋ.

‘ಕಾಡವ್ವಾ,’ ಎಂದು ಕರೆದದ್ದು ಅತ್ತಿಗೆ ಗೌರವ್ವ. ‘ಇವರು ಮುಂದಿನ ಬಾಗಲದಿಂದ ಬರಂಗಿಲ್ಲ ಅಂತಾರ. ಇಲ್ಲೇ ನಿಂತೇವಿ.’

ಮೈಲಾರಲಿಂಗ ತಂಗಿಯ ಮುಖ ನೋಡದೆ ಒಲೆಯ ಕಡೆ ನೋಡುತ್ತ ಹೇಳುತ್ತಾನೆ: ‘ಆಣೆ ಐತಿ ನಂದು. ಹೊಸ್ತಲಾ ತುಳಿಯಂಗಿಲ್ಲ. ಹಿಂದ ಬಯಲಾಗ ಒಲಿ ಐತಿ ಅಂತ ಪ್ರಮಿಳಾ ಹೇಳಿದ್ಲು. ಬಯಲಿಗೆ ಹೊಸ್ತಲಿಲ್ಲ. ಇಲ್ಲಿ ಹಾಕಿದ್ರ ಉಂಡ ಹೋಗ್ತೀನಿ.’

ಕಾಡವ್ವ ಸೌಟು ಹಿಡಿದೇ ಗೇಟಿಗೆ ಓಡುತ್ತಾರೆ. ಅವಸರಕ್ಕೆ ಚಿಲಕ ಸಿಕ್ಕಿಕೊಂಡು, ಕೊನೆಗೆ ಅತ್ತಿಗೆಯೇ ಆಚೆಯಿಂದ ಕೈ ಹಾಕಿ ತೆಗೆಯಬೇಕಾಗುತ್ತದೆ. ಅಣ್ಣ ಕಂಬಳಿಯನ್ನು ಒಲೆಯ ಬದಿಗೆ ಹಾಸಿ ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ. ಪ್ರಮಿಳಾ ಒಳಗಿನಿಂದ ಅಪ್ಪನನ್ನು ಎಳೆದುಕೊಂಡು ಓಡಿ ಬರುತ್ತಾಳೆ. ಯಲ್ಲೇಶರ ಮುಖದಲ್ಲಿ ದೊಡ್ಡ ಸಮಾಧಾನ. ಭಾವನನ್ನು ಕಂಡದ್ದಕ್ಕೆ ಅರ್ಧ, ಕುರ್ಚಿ ತಪ್ಪಿದ್ದಕ್ಕೆ ಇನ್ನರ್ಧ.

ಕಾಡವ್ವ ಬಡಿಸುತ್ತಾರೆ. ಮೈಲಾರಲಿಂಗ ಚಮಚ ಬದಿಗಿಟ್ಟು, ಒಂದು ಕಡುಬು ಮುರಿದು ರಸದಲ್ಲಿ ಅದ್ದಿ ಬಾಯಿಗಿಡುತ್ತಾನೆ. ಅಗಿಯುತ್ತಾನೆ. ಬಟಾಟೆಯ ಹೋಳು, ಆಮೇಲೆ ಮಾಂಸ. ಬಟ್ಟಲು ಖಾಲಿಯಾಗುತ್ತದೆ. ಎರಡನೆಯ ಸಲ ಬಟ್ಟಲು ಮುಂದೆ ಚಾಚಿದಾಗ ಮಾತ್ರ ಅವನ ಬಾಯಿಂದ ಮಾತು ಹೊರಡುತ್ತದೆ.

‘ಅಪ್ಪ ನೆಟ್ಟಗಿದ್ದಾಗ ಹಿಂಗ ಮಾಡ್ತಿದ್ದ.’

‘ಹೂಂ ಯಣ್ಣಾ.’

‘ಅದನ್ನ ನಾ ಮರತ ಬಿಟ್ಟಿದ್ನಿ. ಬರೇ ಕುಡದಿದ್ದಷ್ಟ ನೆಪ್ಪಿತ್ತು ನನಗ.’

ಅಣ್ಣ ತಂಗಿಯ ನಡುವೆ ಅಪ್ಪನ ಮಾತು ಬಂದು ಎಷ್ಟೋ ಕಾಲವಾಗಿತ್ತು. ಕೊಳ್ಳಿ ಮುಂದೆ ತಳ್ಳುವ ಕೆಲಸವನ್ನು ಅಣ್ಣನೇ ವಹಿಸಿಕೊಳ್ಳುತ್ತಾನೆ.

ಸುದ್ದಿ ಒಳಗೆ ಹೋಗಿ ಓಂಕಾರ ತಮ್ಮ ರೊಟ್ಟಿ ಪಲ್ಯದ ತಾಟು ಹಿಡಿದು ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ತಮ್ಮಣ್ಣ ಬ್ಯಾಗ್‌ಪೈಪನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು, ‘ಒಳಗಿನವರು ಕೇಳಿದ್ದ ಸಾಕು, ಇಲ್ಲಿ ಊದತೀನಿ’ ಎಂದು ಶುರು ಮಾಡುತ್ತಾರೆ. ಓಣಿಯ ಗೋಡೆಗಳ ನಡುವೆ ಆ ಸ್ವರ ಎರಡರಷ್ಟಾಗಿ ಏಳುತ್ತದೆ. ಮೈಲಾರಲಿಂಗ ಊದುವವರ ಮುಖ ಬಿಟ್ಟು ಕಂಕುಳಿನ ಚೀಲವನ್ನೇ ದಿಟ್ಟಿಸುತ್ತಾನೆ. ಧಾಟಿ ಮುಗಿದದ್ದೇ ತಡ ಕೇಳುತ್ತಾನೆ: ‘ಅದೇನ್ರಿ, ಕುರೀ ತೊಗಲೇನು?’

‘ಹಿಂದಕ ಕುರೀದ ಇರ್ತಿತ್ರಿ. ಈಗ ಬ್ಯಾರೇದು ಮಾಡ್ತಾರ.’

‘ಬ್ಯಾರೇದ ಯಾಕ ಮಾಡ್ತಾರ?’ ಎಂದು ಮೈಲಾರಲಿಂಗ ಮನಸ್ಸಿಗೆ ಹಚ್ಚಿಕೊಂಡು ಕೇಳಿದ ಧಾಟಿಗೆ ಎಲ್ಲರೂ ನಗುತ್ತಾರೆ. ಆ ನಗುವಿನಲ್ಲಿ ಅವನೂ ಸೇರುತ್ತಾನೆ. ಅಣ್ಣ ನಗುವುದನ್ನು ಕಾಡವ್ವ ಕಣ್ತುಂಬ ನೋಡುತ್ತಾರೆ.

ಊಟ ಮುಗಿದು ಹೊರಡುವ ಹೊತ್ತು. ಪಾರಿಶ್ವಾಡದ ಬಸ್ಸು ತಪ್ಪಬಾರದು, ಹಿಂಡು ಕಾಯಲು ಬೇರೆಯವರಿಗೆ ಹೇಳಿ ಬಂದಿದ್ದಾರೆ. ಗೌರವ್ವ ಕೈಚೀಲ ಬಿಚ್ಚುತ್ತಾರೆ. ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆ, ಬಾಳೆಹಣ್ಣು, ಅಂಚು ಹೊಳೆಯುವ ಕುಬಸದ ಖಣ. ತವರಿನವರು ಮಗಳಿಗೆ ತುಂಬುವ ಉಡಿಯ ಸಾಮಾನು. ಅಂದರೆ ಇವರು ಉಂಡು ಹೋಗಲಷ್ಟೇ ಮನೆ ಬಿಟ್ಟವರಲ್ಲ.

ಕಾಡವ್ವ ಗಾಬರಿಯಾಗಿ ಹಿಂದೆ ಸರಿಯುತ್ತಾರೆ. ‘ವೈನೀ, ಇಲ್ಲಿ ಬ್ಯಾಡ. ಹೊಗಿ, ಮಸಿ, ಮುಸುರಿ. ಇನ್ನೊಮ್ಮೆ ದೇಸೂರಿಗೆ ಬರ್ರಿ, ಮನ್ಯಾಗ ತುಂಬ್ರಿ.’

ಉತ್ತರ ಕೊಡುವುದು ಅಣ್ಣ, ಕಂಬಳಿ ಕೊಡವುತ್ತ. ‘ಒಡ್ಡ ಸೆರಗಾ. ಕುರಿ ಕಾಯೂರಿಗೆ ಎಲ್ಲಿ ಒಲಿ ಹಚ್ಚತೀವಿ ಅದ ಮನಿ. ನೀ ದಿನಾ ಹಚ್ಚೂದು ಇಲ್ಲಿ.’

ಬೂದಿ, ಬಟಾಟೆ ಸಿಪ್ಪೆ, ಖಾಲಿ ಬಾಟಲಿಗಳ ಕ್ರೇಟುಗಳ ನಡುವೆ ಕಾಡವ್ವ ಸೆರಗು ಒಡ್ಡುತ್ತಾರೆ. ಗೌರವ್ವ ಹಣೆಗೆ ಕುಂಕುಮವಿಟ್ಟು, ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿಯುತ್ತಾರೆ. ಓಂಕಾರ ತಾಟು ಕೆಳಗಿಟ್ಟು ಎದ್ದು ನಿಂತಿದ್ದಾರೆ. ಪ್ರಮಿಳಾ ಅಪ್ಪನ ತೋಳು ಹಿಡಿದುಕೊಂಡು ಅಳುತ್ತಿದ್ದಾಳೆ. ತಂಗಿ ಬಗ್ಗಿ ಕಾಲು ಮುಟ್ಟುವಾಗ ಮೈಲಾರಲಿಂಗ ಅವಳ ತಲೆಯ ಮಫ್ಲರ್ ಮೇಲೆ ಕೈಯಿಟ್ಟು, ಆಮೇಲೆ ಕಂಬಳಿ ಹೆಗಲಿಗೇರಿಸಿ ಗೇಟು ದಾಟುತ್ತಾನೆ.

ಒಳಗಿನಿಂದ ಕರೆ ಬರುತ್ತದೆ. ಹೊಸದಾಗಿ ಬಂದು ಕೂತವರಿಗೆ ಎಂಟು ಬಟ್ಟಲು ಬೇಕಂತೆ. ತುಂಬಿದ ಉಡಿಯನ್ನು ಮನೆಯ ದೇವರ ಜಗಲಿಯ ಮುಂದೆ ಬಿಚ್ಚಬೇಕು, ಜಗಲಿ ಇರುವುದು ದೇಸೂರಿನಲ್ಲಿ. ಕಾಡವ್ವ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡನ ಸ್ವೆಟರನ್ನು ಅದರ ಮೇಲೆ ಎಳೆದುಕೊಂಡು ಕೆಲಸಕ್ಕೆ ನಿಲ್ಲುತ್ತಾರೆ. ಕಡುಬು ಒತ್ತುವಾಗ, ಬೋಗುಣಿಗೆ ಬಗ್ಗುವಾಗ, ಕಿಂಡಿಯಲ್ಲಿ ಬಟ್ಟಲು ಸರಿಸುವಾಗ ಉಡಿ ಅವರ ಜೊತೆಗೇ ಇರುತ್ತದೆ.

ನೋಡಿ ನೋಡಿ ಓಂಕಾರರಿಗೆ ತಡೆಯಲಾಗುವುದಿಲ್ಲ. ‘ಅಕ್ಕಾ, ಅದನ್ನ ಎಲ್ಲೆರ ಚೊಲೋ ಜಾಗಾದಾಗ ಇಡ್ರಿ. ಸಂಜೀತನಾ ಹೊತಗೊಂಡ ಹೆಂಗ ಅಡ್ಡಾಡ್ತೀರಿ? ಭಾರ ಆಗ್ತೈತಿ.’

ಕಾಡವ್ವ ಸೌಟು ಬಿಡುವುದಿಲ್ಲ. ಒಂದು ಕೈ ಮಾತ್ರ ಉಡಿಯ ಮೇಲೆ ಹೋಗುತ್ತದೆ.

‘ಇಷ್ಟ ವರ್ಷ ಇದಿಲ್ಲದ ಅಡ್ಡಾಡೀನ್ರಿ. ಭಾರ ಅಂದ್ರ ಅದ ಆಗಿತ್ರಿ.’